ಬೆಚ್ಚಗಾಗುತ್ತಿದ್ದ ಬೆಂಚು

ಪಾಲಿಷ್ ಕೆಲಸದವರ ಮನೆಯ ಅಜ್ಜಿಗೆ ಗಂಡ ತೀರಿಕೊಂಡ ಮೇಲೆ ಎರಡು ಸಂಗತಿಗಳು ರೂಢಿಯಾಗಲೇ ಇಲ್ಲ. ಒಂದು, ಜಗಳವಾಡಲು ಮನೆಯಲ್ಲಿ ಯಾರೂ ಇಲ್ಲದಿರುವುದು. ಇನ್ನೊಂದು, ಸಂಜೆಯಾದರೆ ಅವರು ಕೂರುತ್ತಿದ್ದ ಬೆಂಚು ತಾನಾಗಿ ಬೆಚ್ಚಗಾಗುವುದು.

ಮೊದಲನೆಯದಕ್ಕೆ ಮದ್ದಿಲ್ಲ. ಆ ಮನುಷ್ಯ ಬದುಕಿದ್ದಾಗಲೂ ಹತ್ತು ಮಾತಿಗೆ ಒಂದು 'ಹೂಂ' ಅಂದರೆ ಅದೇ ದೊಡ್ಡದು. ಆದರೂ ಗೊಣಗಲು ಎದುರಿಗೆ ಒಂದು ಕಿವಿ ಇತ್ತು. ಬಾಗಿಲು, ಕುರ್ಚಿ, ಮೇಜುಗಳಿಗೆ ಎಣ್ಣೆ ತಿಕ್ಕಿ ಹೊಳಪು ತರುವುದು ಅವರ ಕಸುಬು. ದಿನದ ಕೆಲಸ ಮುಗಿದ ಮೇಲೆ ನಡುಕೋಣೆಯ ಬೆಂಚಿನ ಎಡತುದಿಯಲ್ಲಿ ಕೂತು ಒಂದೊಂದೇ ಬೆರಳು ಒರೆಸಿಕೊಳ್ಳುತ್ತಿದ್ದರು. ಅಜ್ಜಿ ಮಂಚದ ಮೇಲೆ ಕೂತು ಬೀದಿಯ ಸುದ್ದಿಯನ್ನೆಲ್ಲ ಅವರ ಕಿವಿಗೆ ಹಾಕುತ್ತಿದ್ದಳು. ಈಗ ಕಸುಬು ಮಗನ ಕೈಗೆ ಬಂದಿದೆ. ಮುಂದಿನ ಕೋಣೆಯಲ್ಲಿ ಅವನ ಕೆಲಸ, ನಡುಕೋಣೆಯಲ್ಲಿ ಅಜ್ಜಿ ಮತ್ತು ಮೊಮ್ಮಗಳು ಪುಟ್ಟಿ ಮಲಗುವ ಮಂಚ, ಹಿಂದೆ ಅಡುಗೆಮನೆ, ಅದರಾಚೆ ಎತ್ತರದ ಗೋಡೆಯ ಹಿತ್ತಿಲು. ಬೆಂಚು ಮಾತ್ರ ಇದ್ದಲ್ಲೇ ಇತ್ತು, ಮಂಚದ ತಲೆದೆಸೆಗೆ ತಾಗಿಕೊಂಡು. ಅದರಡಿ ಮಗ ತನ್ನ ಡಬ್ಬಿ, ಬ್ರಷ್ಷು, ಒಂದು ಗೋಣಿಚೀಲ ತುರುಕಿಟ್ಟಿದ್ದ.

ಒಂದು ಸಂಜೆ ಅಜ್ಜಿ ದೂಳು ಒರೆಸಲು ಬೆಂಚಿನ ಮೇಲೆ ಕೈಯಿಟ್ಟಳು. ಬಲಗಡೆ ಮರ ತಣ್ಣಗಿತ್ತು. ಕೈ ಎಡತುದಿಗೆ ಸರಿಯುತ್ತಿದ್ದಂತೆ ಬೆಚ್ಚಗೆ ತಾಗಿತು. ಅದು ಬಿಸಿಲು ಬೀಳುವ ಜಾಗವಲ್ಲ. ಕಿಟಕಿ ಇರುವುದು ಆಚೆ ಗೋಡೆಗೆ. ಯಾರೋ ಬಹಳ ಹೊತ್ತು ಕೂತಿದ್ದು ಈಗಷ್ಟೇ ಎದ್ದುಹೋದಂತಿತ್ತು. ಬಗ್ಗಿ ಮೂಸಿದರೆ ಅಗಸೆ ಎಣ್ಣೆಯ ವಾಸನೆ. ಅವರ ಅಂಗಿಯಿಂದ, ಅಂಗೈಯಿಂದ, ದಿಂಬಿನಿಂದ ಬರುತ್ತಿದ್ದ ಅದೇ ವಾಸನೆ, ಸ್ವಲ್ಪ ಕಮಟು. ಮರದೊಳಗಿನಿಂದ 'ಟಕ್' ಎಂದು ಸಣ್ಣ ಸದ್ದೂ ಬಂತು. ಒರೆಸುವ ಬಟ್ಟೆಯನ್ನು ಅಲ್ಲೇ ಬಿಟ್ಟು ಅಡುಗೆಮನೆಗೆ ಹೋಗಿ ಸೊಸೆಯ ಪಕ್ಕ ನಿಂತಳು. ಏನತ್ತೆ ಎಂದು ಸೊಸೆ ಕೇಳಿದ್ದಕ್ಕೆ ಏನಿಲ್ಲ ಎಂದಳು.

ಬೆಳಿಗ್ಗೆ ಎದ್ದು ಮುಟ್ಟಿ ನೋಡಿದರೆ ಬೆಂಚು ತಣ್ಣಗಿತ್ತು. ಸಂಜೆ ಮತ್ತೆ ಬೆಚ್ಚಗಾಯಿತು. ಭಯ ಎಷ್ಟು ದಿನ ತಾನೇ ಭಯವಾಗಿ ಉಳಿದೀತು? ಕೆಲವು ಸಂಜೆಗಳಲ್ಲಿ ಅದು ಕರಗಿತು. ಅಜ್ಜಿ ಮೊದಲು ಬೆಂಚಿನ ಬಲತುದಿಯಲ್ಲಿ ಕೂತಳು, ಆಮೇಲೆ ನಡುವೆ. ಆಮೇಲೆ ಆ ಬಿಸಿಯ ಮೇಲೆ ಅಂಗೈಯಿಟ್ಟುಕೊಂಡು, ದನಿ ತಗ್ಗಿಸಿ, ಬೀದಿಯ ಸುದ್ದಿ ಹೇಳತೊಡಗಿದಳು. ಎದುರಿನಿಂದ 'ಹೂಂ' ಬರಲಿಲ್ಲ. ಆದರೆ ಅದು ಹಳೆಯ ಅಭ್ಯಾಸವೇ ಆಗಿದ್ದರಿಂದ ಅವಳಿಗೆ ವ್ಯತ್ಯಾಸ ಕಾಣಲಿಲ್ಲ.

ಎಲ್ಲ ದಿನವೂ ಅವರು ಬರುತ್ತಿರಲಿಲ್ಲ. ಮಗನಿಗೆ ಕೆಲಸವಿಲ್ಲದ ದಿನ ಬೆಂಚು ತಣ್ಣಗೇ ಇರುತ್ತಿತ್ತು. ಅವನು ಮೈಮುರಿದು ದುಡಿದ ದಿನ ತಪ್ಪದೆ ಬೆಚ್ಚಗಾಗುತ್ತಿತ್ತು. ದೊಡ್ಡ ಮೇಜಿಗೆ ಪಾಲಿಷ್ ಮಾಡಿದ ದಿನವಂತೂ ಕೈಯಿಟ್ಟರೆ ಸುಡುವಷ್ಟು. ಅಜ್ಜಿ ಇದನ್ನು ಚೆನ್ನಾಗಿಯೇ ಗಮನಿಸಿದ್ದಳು. ಅರ್ಥವನ್ನು ಮಾತ್ರ ತನಗೆ ಬೇಕಾದಂತೆ ಮಾಡಿಕೊಂಡಳು: ಮಗ ಕಸುಬು ಉಳಿಸಿಕೊಂಡು ಹೋಗುತ್ತಿದ್ದಾನೆಂದು ಅವರಿಗೆ ಸಂತೋಷ, ಅದಕ್ಕೇ ನೋಡಲು ಬರುತ್ತಾರೆ. ಬದುಕಿದ್ದಾಗ ಮಗನನ್ನು ಒಂದು ದಿನವೂ ಬಾಯಿತುಂಬ ಹೊಗಳದ ಮನುಷ್ಯ ಸತ್ತ ಮೇಲಾದರೂ ಹೊಗಳುತ್ತಿದ್ದಾರಲ್ಲ ಎಂದು ಅವಳ ಹೊಟ್ಟೆ ತಣ್ಣಗಾಯಿತು.

ಅಜ್ಜಿ ಪುಟ್ಟಿಗೆ ಮಾತ್ರ ಹೇಳಿದ್ದ ಈ ಗುಟ್ಟನ್ನು ಬಿಟ್ಟುಕೊಟ್ಟಿದ್ದೂ ಅವಳೇ. ಒಂದು ಸಂಜೆ ಆ ಮಗು ಬೆಂಚಿನ ಎಡತುದಿಗೆ ಕೆನ್ನೆಯೊತ್ತಿ ಮಲಗಿತ್ತು. ಏನು ಮಾಡ್ತಿದ್ದೀಯ ಎಂದು ತಾಯಿ ಕೇಳಿದಳು.

"ತಾತನ ತೊಡೆ ಮೇಲೆ ಮಲಗಿದ್ದೀನಿ," ಎಂದಿತು ಪುಟ್ಟಿ. "ಇವತ್ತು ತಾತಂಗೆ ಜ್ವರ."

ಸೊಸೆ ಕೈಯಿಟ್ಟು ನೋಡಿದಳು. ಬೆಂಚು ನಿಜವಾಗಿಯೂ ಜ್ವರ ಬಂದ ಮೈಯಂತೆ ಕಾದಿತ್ತು. ಗಂಡನನ್ನು ಕರೆದಳು. ಅವನು ಎಣ್ಣೆಗೈಯಲ್ಲೇ ಬಂದು, ಮುಟ್ಟಿ, ಸೆಕೆಗಾಲ ಕಣೇ, ಮರ ಕಾದಿರುತ್ತೆ ಎಂದು ನಕ್ಕು ಹೋದ. ಹಾಗಾದರೆ ಅರ್ಧ ಬೆಂಚು ಮಾತ್ರ ಯಾಕೆ ಕಾಯುತ್ತೆ ಎಂದು ಅವಳು ಕೇಳುವಷ್ಟರಲ್ಲಿ ಅವನು ಮುಂದಿನ ಕೋಣೆ ಸೇರಿದ್ದ. ಅತ್ತೆಯನ್ನು ನೋಡಿದರೆ ಅವರು ಏನೂ ಆಗದವರಂತೆ ಕೂತಿದ್ದರು. ಅದು ಸೊಸೆಗೆ ಬೆಂಚಿನ ಬಿಸಿಗಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು. ಆ ಬೆಂಚನ್ನು ಯಾರಿಗಾದರೂ ಕೊಟ್ಟುಬಿಡೋಣ ಎಂದು ಅವಳು ಬಾಯಿಬಿಟ್ಟಾಗ, ಮೊದಲು ನನ್ನನ್ನು ಕೊಟ್ಟುಬಿಡು, ಆಮೇಲೆ ಬೆಂಚು ಎಂದಳು ಅಜ್ಜಿ.

ಪಕ್ಕದ ಮನೆಯಲ್ಲಿ ಗಂಟೆಯಕ್ಕ ಇದ್ದಳು. ಅವಳ ಕೆಲಸ ಅಗ್ನಿಶಾಮಕ ಠಾಣೆಯಲ್ಲಿ. ಮನೆಗೆ ಬೆಂಕಿ ಬಿದ್ದವರು ಫೋನ್ ಮಾಡಿದರೆ ತೆಗೆದುಕೊಂಡು ಗಂಟೆ ಬಾರಿಸಿ ಗಾಡಿ ಕಳಿಸುವವಳು ಅವಳೇ. ಅದಕ್ಕೇ ಆ ಹೆಸರು. ಸೊಸೆ ಮುಂಬಾಗಿಲ ಮೆಟ್ಟಿಲಿಗೆ ಅವಳನ್ನು ಕರೆದು, ಅತ್ತೆಗೆ ಕೇಳಿಸದಂತೆ ಎಲ್ಲವನ್ನೂ ಹೇಳಿದಳು. ನಗುತ್ತಾಳೆಂದುಕೊಂಡಿದ್ದಳು. ಗಂಟೆಯಕ್ಕ ನಗಲಿಲ್ಲ. ಬೆಂಚಿನಡಿ ಏನಿದೆ ಎಂದು ಒಂದೇ ಮಾತು ಕೇಳಿದಳು. ಮರುದಿನ ಅವಳಿಗೆ ರಜೆ. ಮಧ್ಯಾಹ್ನ ಊಟವಾದ ಕೂಡಲೇ ಬಂದಳು.

ಅಂದು ಸಭಾಭವನವೊಂದರ ಬಾಗಿಲುಗಳೆಲ್ಲ ಪಾಲಿಷ್‌ಗೆ ಬಂದಿದ್ದವು. ಬೆಳಗಿನ ಜಾವದಿಂದ ಎಣ್ಣೆ ತಿಕ್ಕಿ ಮಗ ಸುಸ್ತಾಗಿದ್ದ. ಒರೆಸಿದ ಬಟ್ಟೆಗಳನ್ನೆಲ್ಲ ಮುದ್ದೆ ಮಾಡಿ ಗೋಣಿಚೀಲಕ್ಕೆ ತುಂಬಿ, ಬಾಯಿ ಮಡಚಿ, ಕಾಲಿನಿಂದ ಬೆಂಚಿನಡಿಗೆ ನೂಕಿದ್ದ. ಚೀಲದ ಹೊಟ್ಟೆ ಉಬ್ಬಿ ಹಲಗೆಗೆ ತಾಗಿತ್ತು. ಗಂಟೆಯಕ್ಕ ಬೆಂಚಿನ ಮೇಲೆ ಕೈಯಿಟ್ಟಳು, ಮೂಸಿದಳು, ನೆಲದ ಮೇಲೆ ಕೂತು ಚೀಲವನ್ನು ಹೊರಗೆಳೆದಳು. ಅದರ ನಡುವಿಗೆ ಮೊಣಕೈವರೆಗೆ ಕೈ ತೂರಿಸಿ ತಟ್ಟನೆ ಹಿಂದಕ್ಕೆ ತೆಗೆದಳು.

"ದೊಡ್ಡಮ್ಮ, ನೀವೂ ಒಂದು ಸಲ ಕೈ ಹಾಕಿ ನೋಡಿ."

ಅಜ್ಜಿ ಹಾಕಲಿಲ್ಲ. ಅವಳಿಗೆ ಆಗಲೇ ಈ ಹೆಂಗಸಿನ ಮೇಲೆ ಸಿಟ್ಟು ಬಂದಿತ್ತು.

ಮಗ ಹಾಕಿದ. ಅವನ ಹುಬ್ಬು ಮೇಲೇರಿತು. ಆದರೆ ಒಪ್ಪಿಕೊಳ್ಳುವ ಜಾಯಮಾನ ಅವನದಲ್ಲ. ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ, ಇಲ್ಲಿ ಕಡ್ಡಿ ಗೀರಿದವರಿಲ್ಲ, ಬೀಡಿ ಸೇದುವವರಿಲ್ಲ, ಇದೇ ಎಣ್ಣೆಯನ್ನು ಅಪ್ಪ ಜೀವಮಾನವಿಡೀ ಬಳಸಲಿಲ್ಲವೇ ಎಂದು ವಾದಕ್ಕೆ ನಿಂತ.

"ಬಳಸಿದರು," ಎಂದಳು ಗಂಟೆಯಕ್ಕ. "ಒರೆಸಿದ ಬಟ್ಟೇನ ಏನು ಮಾಡ್ತಿದ್ರು?"

ಉತ್ತರ ಎಲ್ಲರಿಗೂ ಗೊತ್ತಿತ್ತು. ಅವರು ಒಂದೊಂದು ಚಿಂದಿಯನ್ನೂ ಬಿಡಿಸಿ, ಹಿತ್ತಿಲ ಹಗ್ಗದ ಮೇಲೆ ಒಂದಕ್ಕೊಂದು ತಾಗದಂತೆ ಹರಡುತ್ತಿದ್ದರು. ಮರುದಿನಕ್ಕೆ ಅವು ಹಲಗೆಯಂತೆ ಸೆಟೆದು ಯಾವ ಕೆಲಸಕ್ಕೂ ಬಾರದಂತಾಗುತ್ತಿದ್ದವು. ಅದನ್ನು ನೋಡಿ ಮನೆಯವರಿಗೆಲ್ಲ ನಗು. ಬಟ್ಟೆ ಹಾಳು ಮಾಡುವುದು ಅಪ್ಪನ ಚಟ ಎಂದು ಮಗ ಅನ್ನುತ್ತಿದ್ದ. ಚೀಲದಲ್ಲಿ ಮುಚ್ಚಿಟ್ಟರೆ ಬಟ್ಟೆ ಮೆತ್ತಗೇ ಉಳಿಯುತ್ತದೆ, ನಾಳೆಗೂ ಆಗುತ್ತದೆ ಎಂದು ಅವನು ಕಂಡುಕೊಂಡಿದ್ದು ಅಪ್ಪ ಹೋದ ಮೇಲೆ. ಆ ಜಾಣತನದ ಬಗ್ಗೆ ಅವನಿಗೆ ಸಣ್ಣ ಹೆಮ್ಮೆಯೂ ಇತ್ತು. ಅಪ್ಪ ಯಾಕೆ ಹಾಗೆ ಹರಡುತ್ತಿದ್ದರೆಂದು ಅವನು ಕೇಳಿರಲಿಲ್ಲ. ಅವರಾಗಿ ಹೇಳುವ ಪೈಕಿಯೂ ಆಗಿರಲಿಲ್ಲ.

ಗಂಟೆಯಕ್ಕ ನಿಧಾನವಾಗಿ ಬಿಡಿಸಿ ಹೇಳಿದಳು. ಈ ಎಣ್ಣೆ ನೀರಿನಂತೆ ಆರುವುದಿಲ್ಲ. ಗಾಳಿ ಕುಡಿದು ಗಟ್ಟಿಯಾಗುತ್ತದೆ, ಕುಡಿಯುವಾಗ ತಾನೇ ಬಿಸಿಯಾಗುತ್ತದೆ. ಹರಡಿದ ಬಟ್ಟೆಯಾದರೆ ಆ ಬಿಸಿ ಗಾಳಿಗೆ ಹೋಗುತ್ತದೆ. ಮುದ್ದೆ ಮಾಡಿದರೆ ಹೋಗಲು ದಾರಿಯಿಲ್ಲ. ಒಳಗೇ ಕೂತು ಬೆಳೆಯುತ್ತದೆ. ಬಟ್ಟೆ ಕಡಿಮೆಯಿದ್ದ ದಿನ ಬೆಳಗಿನ ಹೊತ್ತಿಗೆ ತಣಿದುಬಿಡುತ್ತದೆ. ಬಟ್ಟೆ ಹೆಚ್ಚಾಗಿ ಸೆಕೆಯೂ ಸೇರಿದ ದಿನ ತಣಿಯುವುದಿಲ್ಲ. "ಫೋನ್ ಎತ್ತಿದರೆ ಎಷ್ಟೋ ಜನ ಹೇಳೋ ಮೊದಲ ಮಾತು ಇದೇ ಕಣಪ್ಪ," ಎಂದಳು. "ಯಾರೂ ಹಚ್ಚಲಿಲ್ಲ, ತಾನಾಗೇ ಹತ್ತಿಕೊಂಡಿತು ಅಂತಾರೆ. ಮನೇಲಿ ಯಾರೂ ಇರಲಿಲ್ಲ ಅಂತಾರೆ. ಯಾರೂ ಇಲ್ಲದಿದ್ದರೂ ಅದು ಕೆಲಸ ಮಾಡ್ತಾ ಇರುತ್ತೆ."

ಅಜ್ಜಿಗೆ ಎಣ್ಣೆಯ ಪಾಠ ಬೇಕಿರಲಿಲ್ಲ. ಅವಳು ಎದ್ದು ಬಂದು ಬೆಂಚಿನ ಮುಂದೆ ನಿಂತಳು.

"ನನ್ನ ಗಂಡ ಬಂದು ಕೂರೋದು ನಿನ್ನ ಕಣ್ಣಿಗೆ ಚಿಂದಿ ಬಟ್ಟೆ ಥರ ಕಾಣುತ್ತಾ?"

ಬೆಂಚು ಆ ಹೊತ್ತಿಗೇ 'ಟಕ್' ಎಂದಿತು. ಸೊಸೆ ಪುಟ್ಟಿಯನ್ನು ಸೊಂಟಕ್ಕೆಳೆದುಕೊಂಡಳು. ಗಂಟೆಯಕ್ಕ ಮಾತ್ರ ಅಜ್ಜಿಯ ಕಣ್ಣಿನಿಂದ ಕಣ್ಣು ತೆಗೆಯಲಿಲ್ಲ. ನ್ಯಾಯವಾಗಿ ನೋಡಿದರೆ ಈ ಚೀಲವನ್ನು ಈಗಿಂದೀಗಲೇ ನೀರಿನಲ್ಲಿ ಮುಳುಗಿಸಬೇಕು, ಆದರೆ ಮುಳುಗಿಸಿದರೆ ನಾಳೆ ಇನ್ನೊಂದು ಚೀಲ ಇದೇ ಜಾಗಕ್ಕೆ ಬರುತ್ತದೆ ಎಂದಳು. ಆಮೇಲೆ ಒಂದು ಪಂಥ ಹೇಳಿದಳು. "ಬೆಂಚು ಇಲ್ಲೇ ಇರಲಿ ದೊಡ್ಡಮ್ಮ. ಚೀಲ ಮಾತ್ರ ಹಿತ್ತಿಲಿಗೆ ಹೋಗಲಿ. ಸಂಜೆ ಬೆಂಚು ಬೆಚ್ಚಗಾದರೆ ಬಂದಿರೋದು ಅವರೇ. ನಾನು ಬಾಯಿ ಮುಚ್ಚಿಕೊಂಡು ಮನೆಗೆ ಹೋಗ್ತೀನಿ."

ಅಜ್ಜಿ ಒಪ್ಪಿದಳು. ಸೋಲುತ್ತೇನೆಂಬ ಅನುಮಾನ ಅವಳಿಗೆ ಲವಲೇಶವೂ ಇರಲಿಲ್ಲ.

ಗಂಟೆಯಕ್ಕ ಚೀಲವನ್ನು ಹಿತ್ತಿಲ ನಡುವೆ, ಗೋಡೆ, ಮರ, ಹಗ್ಗ ಯಾವುದೂ ಹತ್ತಿರವಿಲ್ಲದ ಬರಿನೆಲದ ಮೇಲೆ ಇಟ್ಟಳು. ಬಕೆಟ್ಟುಗಳಲ್ಲಿ ನೀರು, ಒಂದು ಬುಟ್ಟಿ ಮರಳು ತರಿಸಿಟ್ಟುಕೊಂಡು ಅಡುಗೆಮನೆಯ ಹೊಸ್ತಿಲಲ್ಲಿ ಕೂತಳು. ಯಾರೂ ಚೀಲದ ಹತ್ತಿರ ಹೋಗಕೂಡದು ಎಂದಳು. ಅಜ್ಜಿ ಒಳಗೆ ಬೆಂಚಿನ ಬಲತುದಿಯಲ್ಲಿ ಕೂತು ಎಡತುದಿಯ ಮೇಲೆ ಅಂಗೈಯಿಟ್ಟಳು. ಅಲ್ಲಿಂದ ಅಡುಗೆಮನೆಯ ಬಾಗಿಲಿನ ಮೂಲಕ ಹಿತ್ತಿಲ ತುಣುಕು ಕಾಣುತ್ತಿತ್ತು.

ಮರದಲ್ಲಿ ಉಳಿದಿದ್ದ ಬಿಸಿ ಮೊದಮೊದಲು ಅಂಗೈಗೆ ತಾಗಿತು. ಅಜ್ಜಿ ಸಮಾಧಾನದಿಂದ ಬೀದಿಯ ಸುದ್ದಿ ಶುರುಮಾಡಿದಳು. ಹೇಳುತ್ತ ಹೇಳುತ್ತ ಬಿಸಿ ಸಣ್ಣಗಾಯಿತು. ಅವಳು ಅಂಗೈಯನ್ನು ಆಚೆ ಈಚೆ ಸರಿಸಿದಳು. ಬೆರಳಿನಿಂದ ಹುಡುಕಿದಳು. ಹಿತ್ತಿಲಲ್ಲಿ ಬಿಸಿಲು ಗೋಡೆ ಹತ್ತಿತು. ಮಗ ಆಕಳಿಸಿ, ಏನಕ್ಕ, ನಿಮ್ಮ ಬೆಂಕಿ ನಿದ್ದೆ ಹೋಯ್ತಾ ಎಂದು ಛೇಡಿಸಿದ್ದು ಕೇಳಿಸಿತು. ಅಜ್ಜಿಯ ಕೈಯಡಿ ಈಗ ಬರೀ ಮರವಿತ್ತು, ಬೆಂಚಿನ ಬಲತುದಿಯಷ್ಟೇ ತಣ್ಣನೆಯ ಮರ. 'ಟಕ್' ಎಂಬ ಸದ್ದೂ ನಿಂತಿತ್ತು. ಅವರು ತೀರಿಕೊಂಡ ದಿನ ಅವರ ಕೈ ಹೀಗೆಯೇ ಅವಳ ಕೈಯೊಳಗೆ ತಣ್ಣಗಾಗಿತ್ತು. ಎರಡನೇ ಸಲ ಅದನ್ನು ಅನುಭವಿಸುವಷ್ಟು ಗಟ್ಟಿ ಅವಳಾಗಿರಲಿಲ್ಲ. ಸುದ್ದಿ ಅರ್ಧಕ್ಕೆ ನಿಂತಿತು.

ಆಗ ಆ ವಾಸನೆ ಬಂತು. ಅದೇ ಎಣ್ಣೆ, ಅದೇ ಕಮಟು, ಆದರೆ ಹಿತ್ತಿಲ ಕಡೆಯಿಂದ.

ಅಜ್ಜಿ ಎದ್ದು ಹೋಗಿ ಗಂಟೆಯಕ್ಕನ ಹಿಂದೆ ನಿಂತಳು. ಚೀಲದ ಹತ್ತಿರ ಯಾರೂ ಇರಲಿಲ್ಲ. ಗಾಳಿಯೂ ಇರಲಿಲ್ಲ. ಮಡಚಿದ ಬಾಯಿಂದ ತೆಳ್ಳಗೆ ಬಿಳಿ ಹೊಗೆ ಬರುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು. ಒಳಗೆ ಯಾರೋ ಉಸಿರಾಡುತ್ತಿದ್ದಂತಿತ್ತು. ಮಗನ ಆಕಳಿಕೆ ಬಾಯಲ್ಲೇ ಉಳಿಯಿತು. ನೋಡುತ್ತಿದ್ದಂತೆ ಚೀಲದ ಹೊಟ್ಟೆ ಮೆಲ್ಲಗೆ ಒಳಕ್ಕೆ ಕುಸಿಯಿತು. ಗೋಣಿಯ ಮೇಲೆ ಅಂಗೈಯಗಲದ ಕಂದು ಕಲೆ ಮೂಡಿತು, ಹರಡಿತು, ಕಪ್ಪಾಯಿತು. ಕಪ್ಪಿನ ನಡುವೆ ಕೆಂಪಗೆ ಏನೋ ಮಿನುಗಿತು. ಇಷ್ಟೆಲ್ಲ ಆಗುವಾಗ ಒಂದು ಸದ್ದೂ ಇರಲಿಲ್ಲ. ಅದೇ ಎಲ್ಲಕ್ಕಿಂತ ಭಯಂಕರವಾಗಿತ್ತು. ಆಮೇಲೆ ಭಗ್ಗೆಂದು ಇಡೀ ಚೀಲ ಹೊತ್ತಿಕೊಂಡಿತು. ಜ್ವಾಲೆ ಮನುಷ್ಯನೆತ್ತರಕ್ಕೆ ಎದ್ದುನಿಂತಿತು.

ಅಜ್ಜಿ ಬೆಂಕಿಯನ್ನು ನೋಡಲಿಲ್ಲ. ತಿರುಗಿ ನಡುಕೋಣೆಯನ್ನು ನೋಡಿದಳು. ಚೀಲ ಇರುತ್ತಿದ್ದ ಜಾಗ, ಅದರ ಮೇಲೆ ಬೆಂಚು, ಬೆಂಚಿಗೆ ತಾಗಿದ ಮಂಚ, ಮಂಚದ ಅದೇ ತುದಿಗೆ ಪುಟ್ಟಿಯ ದಿಂಬು. ದಿಂಬಿನ ನಡುವೆ ಮಗುವಿನ ತಲೆಯ ಕುಳಿ ಹಾಗೇ ಇತ್ತು.

ಗಂಟೆಯಕ್ಕ ಮರಳು ಎಸೆದು, ನೀರು ಸುರಿದು ಎಲ್ಲವನ್ನೂ ಆರಿಸಿದಳು. ಕೋಲಿನಿಂದ ಬಿಡಿಸಿ ಒಳಗಿನ ಕೆಂಡಕ್ಕೂ ಮತ್ತೊಂದು ಬಕೆಟ್ ಹೊಯ್ದಳು. ಮಗ ಗೋಡೆಗೊರಗಿ ಕೂತುಬಿಟ್ಟಿದ್ದ. ಯಾರೂ ಯಾರನ್ನೂ ಬೈಯಲಿಲ್ಲ.

"ಹಾಗಾದರೆ ಅವರು ಬರಲೇ ಇಲ್ಲ," ಎಂದಳು ಅಜ್ಜಿ.

"ಇಲ್ಲ ದೊಡ್ಡಮ್ಮ. ಅವರು ಇದ್ದಿದ್ದರೆ ಆ ಬೆಂಚು ಯಾವತ್ತೂ ಬಿಸಿಯಾಗ್ತಿರಲಿಲ್ಲ."

ಅಜ್ಜಿ ಹೊಸ್ತಿಲಲ್ಲೇ ಕೂತು ಬಿಕ್ಕಿಬಿಕ್ಕಿ ಅತ್ತಳು. ಗಂಡ ಸತ್ತಾಗ ಇಷ್ಟು ಅತ್ತಿರಲಿಲ್ಲ. ಇಷ್ಟು ದಿನ ಅವಳು ಮುಟ್ಟಿ ಮುಟ್ಟಿ ಮಾತಾಡಿಸಿದ್ದು ಅವರನ್ನಲ್ಲ, ಅವರಿಲ್ಲದ ಮನೆಯೊಳಗೆ ನುಗ್ಗಲು ಹೊಂಚುಹಾಕುತ್ತಿದ್ದ ಬೆಂಕಿಯನ್ನು. ಅದರ ತೊಡೆಯ ಮೇಲೆ ಮೊಮ್ಮಗಳನ್ನು ಮಲಗಿಸಿದ್ದಳು. ಸೊಸೆ ಬಂದು ಪಕ್ಕದಲ್ಲಿ ಕೂತು ಅತ್ತೆಯ ಬೆನ್ನು ಸವರಿದಳು.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು ಎಂದು ಗಾದೆಯಿದೆ. ಈ ಮನೆಯವರಿಗೆ ಬೆಂಕಿ ಹಿತ್ತಿಲಲ್ಲಿ ಬಿದ್ದಿದ್ದರಿಂದ ಬಾವಿ ತೋಡಲು ಸಮಯ ಸಿಕ್ಕಿತು. ಮರುದಿನ ಡ್ಯೂಟಿ ಮುಗಿಸಿ ಬಂದ ಗಂಟೆಯಕ್ಕ ಮನೆಯನ್ನು ಒಂದು ಸುತ್ತು ಹಾಕಿದಳು. ಈಗ ಅಜ್ಜಿಯೇ ಮುಂದೆ ಮುಂದೆ. ಪಾಲಿಷ್ ತೆಳುಮಾಡುವ ಥಿನ್ನರ್ ಡಬ್ಬಿಗಳು ಮುಂಬಾಗಿಲಿನ ಪಕ್ಕದಲ್ಲಿದ್ದವು. ಹತ್ತಿಕೊಂಡರೆ ಬೀದಿಗೆ ಹೋಗುವ ದಾರಿಯೇ ಬಂದ್. ಅವನ್ನು ಹಿತ್ತಿಲ ತಗಡಿನ ಗೂಡಿಗೆ ಸಾಗಿಸಿದ್ದಾಯಿತು. ಒಂದೇ ಪ್ಲಗ್ಗಿಗೆ ಫ್ಯಾನು, ಮಿಕ್ಸಿ, ಮಗನ ಮರ ಉಜ್ಜುವ ಯಂತ್ರ ಮೂರೂ ನೇತುಬಿದ್ದಿದ್ದವು. ಪ್ಲಗ್ಗಿನ ಅಂಚು ಕಂದುಗಟ್ಟಿದ್ದನ್ನು ಅಜ್ಜಿಯೇ ತೋರಿಸಿದಳು. ಆ ಬಣ್ಣ ಅವಳಿಗೆ ಈಗ ಚೆನ್ನಾಗಿ ಗೊತ್ತಿತ್ತು. ಮುಂಬಾಗಿಲ ಗ್ರಿಲ್ಲಿನ ಬೀಗದ ಕೈ ಮಗನ ಜೇಬಿನಲ್ಲಿತ್ತು. ಅವನು ಪೇಟೆಗೆ ಹೋದಾಗ ಜೇಬೂ ಪೇಟೆಗೆ ಹೋಗುತ್ತದಲ್ಲ ಎಂದು ಗಂಟೆಯಕ್ಕ ಕೇಳಿದಳು. ಒಳಗಡೆ ಬಾಗಿಲ ಪಕ್ಕ ಎಲ್ಲರ ಕೈಗೆಟಕುವಂತೆ ಒಂದು ಮೊಳೆ ಹೊಡೆದು ಕೀಲಿಕೈ ಅಲ್ಲಿಗೆ ಬಂತು.

ಅಡುಗೆಮನೆಯಲ್ಲಿ ಬಾಣಲೆಯ ಎಣ್ಣೆ ಹೊತ್ತಿಕೊಂಡರೆ ಏನು ಮಾಡ್ತೀರಿ ಎಂದು ಕೇಳಿದಾಗ, ಒಂದು ಚೆಂಬು ನೀರು ಸುರಿಯುತ್ತೇನೆ ಎಂದಳು ಅಜ್ಜಿ ಜಂಬದಿಂದ. ನಿನ್ನೆ ಉರಿದದ್ದು ಬಟ್ಟೆ, ಅದಕ್ಕೆ ನೀರು ಸರಿ; ಬಾಣಲೆಯಲ್ಲಿ ಉರಿಯುವ ಎಣ್ಣೆಗೆ ನೀರು ಸುರಿಯುವುದೂ ಒಂದೇ, ತುಪ್ಪ ಸುರಿಯುವುದೂ ಒಂದೇ, ಬೆಂಕಿ ಸೂರಿಗೆ ಹಾರುತ್ತದೆ ಎಂದಳು ಗಂಟೆಯಕ್ಕ. ಒಲೆ ಆರಿಸಬೇಕು, ಬಾಣಲೆಯ ಮೇಲೆ ದೊಡ್ಡ ತಟ್ಟೆ ಮುಚ್ಚಿ ತಣಿಯಲು ಬಿಡಬೇಕು, ಎತ್ತಿಕೊಂಡು ಓಡಬಾರದು. ಗ್ಯಾಸಿನ ವಾಸನೆ ಬಂದರೆ ಸ್ವಿಚ್ಚು ಮುಟ್ಟದೆ ಸಿಲಿಂಡರ್ ಬಂದ್ ಮಾಡಿ, ಕಿಟಕಿ ಬಾಗಿಲು ತೆರೆದು ಹೊರಗೆ ಹೋಗಬೇಕು. ಬಟ್ಟೆಗೆ ಕಿಡಿ ತಗುಲಿದರೆ ಓಡಬಾರದು, ನೆಲಕ್ಕೆ ಬಿದ್ದು ಉರುಳಬೇಕು. ಸುಟ್ಟ ಗಾಯಕ್ಕೆ ಹಲ್ಲುಜ್ಜುವ ಪೇಸ್ಟು ಹಚ್ಚಬಾರದು, ಇಪ್ಪತ್ತು ನಿಮಿಷ ತಣ್ಣೀರು ಹರಿಸಬೇಕು. ಅಜ್ಜಿ ಒಂದೊಂದಕ್ಕೂ ತಲೆಯಾಡಿಸಿದಳು, ಒಂದೆರಡಕ್ಕೆ ವಾದವನ್ನೂ ಮಾಡಿದಳು.

ಕೊನೆಗೆ ಗಂಟೆಯಕ್ಕ ಎಲ್ಲರ ಕಣ್ಣಿಗೂ ಬಟ್ಟೆ ಕಟ್ಟಿಸಿದಳು. ಹೊಗೆ ತುಂಬಿದ ಮನೆ ಹಾಡುಹಗಲಲ್ಲೂ ಹೀಗೇ ಇರುತ್ತದೆ, ಒಳ್ಳೆ ಗಾಳಿ ಇರುವುದು ನೆಲದ ಹತ್ತಿರ ಮಾತ್ರ, ತೆವಳಿಕೊಂಡು ಬೀದಿಯ ದೀಪದ ಕಂಬದ ಹತ್ತಿರ ಬನ್ನಿ ಎಂದಳು. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ನೀನು ಹುಟ್ಟಿರಲಿಲ್ಲ ಎಂದು ಅಜ್ಜಿ ನಗುತ್ತಲೇ ಹೊರಟಳು.

ತುಸು ದೂರಕ್ಕೇ ನಗು ನಿಂತಿತು. ಬಾಗಿಲಿರಬೇಕಾದಲ್ಲಿ ಗೋಡೆಯಿತ್ತು. ಗೋಡೆ ಸವರುತ್ತ ಹೋದರೆ ಒಂದು ಮೂಲೆ ಸಿಕ್ಕಿತು, ಅದು ಯಾವ ಮೂಲೆಯೋ ತಿಳಿಯಲಿಲ್ಲ. ಯಾವುದೋ ಕಾಲು ಕೈಗೆ ಬಂತು. ಮಂಚದ್ದೋ ಬೆಂಚಿನದೋ ಗೊತ್ತಾಗಲಿಲ್ಲ. ದಿನಾ ಗುಡಿಸಿ ಒರೆಸಿದ ನೆಲವೇ ಅವಳನ್ನು ಗುರುತಿಸಲಿಲ್ಲ. ಮಗ ಎಲ್ಲೋ ಕೆಮ್ಮಿದ. ದನಿ ಬೇರೆ ಯಾರದ್ದೋ ಮನೆಯಿಂದ ಬಂದಂತೆ ಕೇಳಿತು. ಆಟವೆಂದು ಗೊತ್ತಿದ್ದರೂ ಅಜ್ಜಿ ಕಣ್ಣಿನ ಬಟ್ಟೆಗೆ ಕೈಹಾಕಿದಳು. ಗೋಡೆಯಿಂದ ಕೈ ಎತ್ತಬೇಡಿ, ಒಂದೇ ಗೋಡೆ ಹಿಡಿದು ಬನ್ನಿ ಎಂದು ಗಂಟೆಯಕ್ಕ ಕೂಗಿದಳು. ಅಂತೂ ಹೊಸ್ತಿಲು ಸಿಕ್ಕಿತು, ಮೆಟ್ಟಿಲು ಸಿಕ್ಕಿತು, ಕಂಬ ಸಿಕ್ಕಿತು.

ಕಣ್ಣಿನ ಬಟ್ಟೆ ಬಿಚ್ಚಿ ನೋಡಿದರೆ ಮಗ ಇದ್ದ, ಸೊಸೆ ಇದ್ದಳು. ಪುಟ್ಟಿ ಇರಲಿಲ್ಲ.

ಮೂವರೂ ಕೂಗಿದರು. ತೆರೆದ ಬಾಗಿಲಿನಾಚೆ ಮನೆ ಸುಮ್ಮನಿತ್ತು. ಅಜ್ಜಿ ಒಳಗೆ ನುಗ್ಗಲು ಹೋದಳು. ಗಂಟೆಯಕ್ಕ ಅವಳ ರಟ್ಟೆ ಹಿಡಿದಳು.

"ಒಳಗೆ ಹೋಗಬೇಡಿ ದೊಡ್ಡಮ್ಮ. ಒಂದು ಸಲ ಒಬ್ಬ ತಾಯಿ ಹೊರಗಡೆ ನಿಂತು ಫೋನ್ ಮಾಡಿದಳು. ವಿಳಾಸ ಸರಿಯಾಗಿ ಹೇಳಿದಳು. ಆಮೇಲೆ, ಸ್ವಲ್ಪ ತಾಳಿ, ಮಗು ಎಲ್ಲಿ ನೋಡ್ತೀನಿ ಅಂತ ಫೋನ್ ಕೆಳಗಿಟ್ಟು ಒಳಗೆ ಹೋದಳು. ನಮ್ಮ ಗಾಡಿ ತಲುಪೋವರೆಗೂ ನಾನು ಕೇಳ್ತಾನೇ ಇದ್ದೆ. ಅವಳು ಮತ್ತೆ ಮಾತಾಡಲಿಲ್ಲ. ಮಗು ಪಕ್ಕದ ಮನೆಯವರ ಹತ್ತಿರ ಇತ್ತು."

ಅಜ್ಜಿ ಹಿಂದೆ ಸರಿದು ಕಂಬ ಹಿಡಿದು ನಿಂತಳು. ಗಂಟೆಯಕ್ಕ ತಾನೇ ಒಳಹೋಗಿ ಪುಟ್ಟಿಯನ್ನು ಕರೆತಂದಳು. ಮಂಚದಡಿ, ಗೋಡೆಯ ಮೂಲೆಯಲ್ಲಿ, ಮೊಣಕಾಲು ತಬ್ಬಿಕೊಂಡು ಕೂತಿತ್ತಂತೆ. ಎಲ್ಲರೂ ಕೂಗಿದ್ದು ಕೇಳಿಸಿತ್ತು, ಆದರೆ ಕೂಗಿದ್ದಕ್ಕೇ ಹೆದರಿಕೆಯಾಗಿ ಇನ್ನೂ ಒಳಕ್ಕೆ ಸರಿದಿತ್ತು. ಹೆದರಿದ ಮಕ್ಕಳು ಬೆಂಕಿಗೆ ಕಾಣಬಾರದೆಂದು ಹೀಗೇ ಅವಿತುಕೊಳ್ಳುತ್ತಾರೆ, ಹುಡುಕುವವರಿಗೂ ಕಾಣುವುದಿಲ್ಲ ಎಂದಳು ಗಂಟೆಯಕ್ಕ. ಮಕ್ಕಳಿಗೆ ಮೊದಲೇ ಹೇಳಿಕೊಡಬೇಕು: ಅವಿತುಕೊಳ್ಳಬೇಡ, ಹೊರಗೆ ಬಾ, ಬರಲಾಗದಿದ್ದರೆ ಕಿಟಕಿಯ ಹತ್ತಿರ ನಿಂತು ಕೂಗು. ಅದನ್ನು ಆಟವಾಡಿಸಿ ಆಡಿಸಿ ರೂಢಿ ಮಾಡಿಸಬೇಕು.

ಅಜ್ಜಿ ಪುಟ್ಟಿಯನ್ನು ಎದುರಿಗೆ ನಿಲ್ಲಿಸಿಕೊಂಡು, ಇನ್ನೊಂದು ಸಲ ಆಡೋಣ ಎಂದಳು. ಈ ಸಲ ಕಣ್ಣು ಕಟ್ಟಿಕೊಂಡು ಮುಂದೆ ತೆವಳಿದ್ದು ಪುಟ್ಟಿ, ಅವಳ ಪಾದ ಹಿಡಿದು ಹಿಂದೆ ಬಂದವಳು ಅಜ್ಜಿ. ನಡುಕೋಣೆಯ ಬಾಗಿಲಿಗೆ ಬಂದಾಗ ಮಗು ಹೇಳಿಕೊಟ್ಟಂತೆ ನಿಂತು, ಅಂಗೈಯ ಹಿಂಬದಿಯನ್ನು ಬಾಗಿಲಿಗೆ ತಾಗಿಸಿ ನೋಡಿತು. ಬಾಗಿಲು ಬಿಸಿಯಾಗಿದ್ದರೆ ಆಚೆ ಬೆಂಕಿಯಿದೆ, ತೆರೆಯಬಾರದು, ಅಡುಗೆಮನೆಯ ಕಡೆಗೆ ತಿರುಗಬೇಕು ಎಂದು ಗಂಟೆಯಕ್ಕ ಹೇಳಿದ್ದಳು.

"ತಣ್ಣಗಿದೆ ಅಜ್ಜಿ," ಎಂದಿತು ಪುಟ್ಟಿ. "ಬಾ, ಹೋಗೋಣ."

ಆ ಮನೆಯ ಅಜ್ಜಿ ಈಗ ನಿಮ್ಮ ಬೀದಿಗೂ ಬಂದಾಳು. ಬಂದರೆ ಕುಶಲ ಕೇಳುವುದಕ್ಕೆ ಮೊದಲು ನಿಮ್ಮ ಪ್ಲಗ್ಗು ಮುಟ್ಟಿ ನೋಡುತ್ತಾಳೆ, ಬೇಸರಪಟ್ಟುಕೊಳ್ಳಬೇಡಿ. ಅವಳು ಬರುವವರೆಗೆ ಕಾಯಲೂ ಬೇಡಿ. ಇದನ್ನು ಓದಿ ಮುಗಿಸಿದ ಕೂಡಲೇ, ಅಥವಾ ಯಾರೋ ಓದಿದ್ದನ್ನು ಕೇಳಿ ಮುಗಿಸಿದ ಕೂಡಲೇ, ಎದ್ದು ನಿಮ್ಮ ಮನೆಯಲ್ಲಿ ಒಂದು ಸುತ್ತು ಬನ್ನಿ. ಮರಕ್ಕೆ ತಿಕ್ಕಿದ ಎಣ್ಣೆಯ ಬಟ್ಟೆಯಿದ್ದರೆ ಹೊರಗೆ, ನೆರಳಿನಲ್ಲಿ, ಒಂದರ ಮೇಲೊಂದು ಬೀಳದಂತೆ ಹರಡಿ. ಇಲ್ಲವೇ ನೀರು ತುಂಬಿದ ತಗಡಿನ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಳ ಹಾಕಿ. ಹಿತ್ತಿಲಲ್ಲಿಟ್ಟು ಪರೀಕ್ಷೆ ಮಾಡಲು ಹೋಗಬೇಡಿ, ನಿಮ್ಮ ಪಕ್ಕದಲ್ಲಿ ಗಂಟೆಯಕ್ಕ ಇರುವುದಿಲ್ಲ. ಹೊಗೆ ಕಂಡರೆ ಕೂಗುವ ಅಲಾರಂ ಕೊಳ್ಳಲು ಸಾಧ್ಯವಿದ್ದರೆ ಮಲಗುವ ಕೋಣೆಯ ಹತ್ತಿರ ಹಾಕಿಸಿ. ಅಗ್ನಿಶಾಮಕದ ನಂಬರನ್ನು ಮಕ್ಕಳ ಬಾಯಲ್ಲೂ ಕೂರಿಸಿ. ಹೊರಗೆ ಎಲ್ಲರೂ ಸೇರುವ ಜಾಗವೊಂದನ್ನು ಇವತ್ತೇ ಗೊತ್ತುಮಾಡಿ, ಕಣ್ಣು ಕಟ್ಟಿಕೊಂಡು ಒಂದು ಸಲ ಅಲ್ಲಿಯವರೆಗೆ ಹೋಗಿ ನೋಡಿ. ನಿಮ್ಮ ಮನೆ ನಿಮಗೆ ಎಷ್ಟು ಗೊತ್ತು ಎಂಬುದು ಆಗ ಗೊತ್ತಾಗುತ್ತದೆ.

ಸುತ್ತು ಬರುವಾಗ ಗೋಡೆ, ಸ್ವಿಚ್ಚು, ಮೂಲೆಯಲ್ಲಿ ತುರುಕಿದ ಗಂಟು, ಎಲ್ಲದರ ಮೇಲೂ ಒಮ್ಮೆ ಕೈಯಿಡಿ. ಕಾರಣವಿಲ್ಲದೆ ಯಾವುದಾದರೂ ಬೆಚ್ಚಗಿದ್ದರೆ, ಅಲ್ಲಿ ಯಾರೂ ಬಂದು ಕೂತಿಲ್ಲ. ನಾಳೆ ನೋಡೋಣ ಅನ್ನಬೇಡಿ.